ಮಾತ್ರೆ ‘ಒಗ್ಗಲಿಲ್ಲ’ ಎಂದು ಕನ್ನಡದಲ್ಲಿ ಹೇಳಿದರೆ ಕೇಳುವವರು ಯಾರು?



ಈ ಪತ್ರಿಕೆಯನ್ನು ಒಂದು ನಿಮಿಷ ಪಕ್ಕಕ್ಕಿಡಿ. ಮನೆಯಲ್ಲಿ ಅಪ್ಪನ ಬಿಪಿ ಮಾತ್ರೆ, ಅಮ್ಮನ ಶುಗರ್ ಮಾತ್ರೆ ಇಡುವ ಡಬ್ಬಿ ಒಂದು ಇದ್ದೇ ಇರುತ್ತದೆ. ಅದನ್ನು ತೆಗೆದುಕೊಂಡು ಬನ್ನಿ. ಒಂದು ಸ್ಟ್ರಿಪ್ ತೆಗೆದು ಬೆಳಕಿಗೆ ಹಿಡಿಯಿರಿ. ಹಿಂದೆ ಮುಂದೆ ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರ. ಔಷಧಿಯ ಹೆಸರು ಇಂಗ್ಲಿಷು. ಕಂಪನಿಯ ವಿಳಾಸ ಇಂಗ್ಲಿಷು. ಕೆಂಪು ಗೆರೆಯ ಪಕ್ಕದಲ್ಲಿರುವ ಎಚ್ಚರಿಕೆಯ ಮಾತೂ ಇಂಗ್ಲಿಷು. ಕೆಲವು ಸ್ಟ್ರಿಪ್‌ಗಳ ಮೇಲೆ ಹಿಂದಿಯೂ ಉಂಟು. ಕನ್ನಡ ಎಲ್ಲಿದೆ? ಭೂತಗನ್ನಡಿ ಹಿಡಿದು ಹುಡುಕಿ. ಸಿಕ್ಕಿದರೆ ನಮಗೂ ತಿಳಿಸಿ, ಮುಂದಿನ ಸಂಚಿಕೆಯ ಮುಖಪುಟದಲ್ಲಿ ಹಾಕುತ್ತೇವೆ!

ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ಅವಮಾನ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲದಿದ್ದರೆ ಅದು ಅನ್ಯಾಯ. ಮಾತ್ರೆಯ ಮೇಲೆ ಕನ್ನಡ ಇಲ್ಲದಿದ್ದರೆ? ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಈ ವಿಷಯದಲ್ಲಿ ಇಷ್ಟು ದಿನ ಸರ್ಕಾರವೂ ಮಲಗಿತ್ತು, ನಾವೂ ಮಲಗಿದ್ದೆವು. ಈಗ ಏಳಬೇಕು.

ಶೆಟ್ಟಿಹಳ್ಳಿಯ ಅಜ್ಜಿಯ ಕೆಮ್ಮು

ಜಾಲಹಳ್ಳಿಯ ಆಚೆ ನಮ್ಮ ಶೆಟ್ಟಿಹಳ್ಳಿ. ಒಂದು ಕಾಲದ ಹಳ್ಳಿ, ಈಗ ಬೆಂಗಳೂರಿನ ಹೊಟ್ಟೆಯೊಳಗೆ ಸೇರಿಹೋಗಿದೆ. ತುಮಕೂರು, ಹಾಸನ, ಮಂಡ್ಯದ ಕಡೆಯಿಂದ, ಉತ್ತರ ಕರ್ನಾಟಕದಿಂದ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಜನ ಇಲ್ಲಿ ಬಾಡಿಗೆಗೆ ಇದ್ದಾರೆ. ನಮ್ಮ ಬೀದಿಯಲ್ಲೂ ಅಂಥದೊಂದು ಮನೆ. ಆ ಮನೆಯ ಅಜ್ಜಿಗೆ ಬಿಪಿ ಬಂತು. ಡಾಕ್ಟರು ಮಾತ್ರೆ ಬರೆದರು. ಅಜ್ಜಿ ತಪ್ಪದೆ ನುಂಗಿದರು. ಕೆಲವು ವಾರಗಳಲ್ಲಿ ಒಣಕೆಮ್ಮು ಶುರುವಾಯಿತು. ರಾತ್ರಿಯೆಲ್ಲ ಕೆಮ್ಮು. ಮೆಡಿಕಲ್ ಸ್ಟೋರಿಗೆ ಹೋಗಿ ಸಿರಪ್ ತಂದರು. ಕೆಮ್ಮು ನಿಲ್ಲಲಿಲ್ಲ. ಇನ್ನೊಂದು ಸಿರಪ್. ಆಮೇಲೆ ಕಷಾಯ, ಆಮೇಲೆ ಎದೆಯ ಎಕ್ಸ್‌ರೇ. ಮಗನ ಓವರ್‌ಟೈಮ್ ದುಡ್ಡೆಲ್ಲ ಅದಕ್ಕೇ ಹೋಯಿತು.

“ಅಜ್ಜಿ, ಆ ಬಿಪಿ ಮಾತ್ರೆಯಿಂದಲೇ ಕೆಮ್ಮು ಬಂದಿರಬಹುದಲ್ವಾ?” ಎಂದು ಕೇಳಿದೆ.

“ಅಯ್ಯೋ ಬಿಡಪ್ಪ, ಬರೆದೋರು ದೊಡ್ಡ ಡಾಕ್ಟ್ರು. ಮಾತ್ರೆ ತಪ್ಪಾಗುತ್ತಾ? ನನ್ನ ದೇಹಕ್ಕೇ ಒಗ್ಗಲಿಲ್ಲ ಅಷ್ಟೆ” ಎಂದರು.

ಕೊನೆಗೆ ಬೇರೆ ಡಾಕ್ಟರು ಮಾತ್ರೆಯನ್ನು ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು. ಎನಲಾಪ್ರಿಲ್, ರಾಮಿಪ್ರಿಲ್ ಎಂಬ ಜಾತಿಯ ಬಿಪಿ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ ಎಂಬುದು ವೈದ್ಯ ವಿದ್ಯಾರ್ಥಿಗಳು ಕಾಲೇಜಿನಲ್ಲೇ ಕಲಿಯುವ ಪಾಠ. ಗುಟ್ಟೇನೂ ಅಲ್ಲ. ಆದರೆ ಅಜ್ಜಿಗೆ ಯಾರೂ ಹೇಳಲಿಲ್ಲ. ಸ್ಟ್ರಿಪ್ ಹೇಳಲಿಲ್ಲ, ಅಂಗಡಿ ಹೇಳಲಿಲ್ಲ, ಚೀಟಿ ಹೇಳಲಿಲ್ಲ. ಹೇಳುವ ಭಾಷೆಯೊಂದು ಇದೆ, ಅದು ಅಜ್ಜಿಗೆ ಬರುವುದಿಲ್ಲ. ಅಜ್ಜಿಗೆ ಬರುವ ಭಾಷೆಯೊಂದು ಇದೆ, ಅದು ಔಷಧಿ ಕಂಪನಿಗೆ ಬೇಕಿಲ್ಲ!

ಅಜ್ಜಿ ಹೇಳಿದ ಆ ಒಂದು ಮಾತನ್ನು ಗಮನಿಸಿ. ‘ಒಗ್ಗಲಿಲ್ಲ.’ ಇಂಗ್ಲಿಷಿನವರು ‘ಅಡ್ವರ್ಸ್ ಡ್ರಗ್ ರಿಯಾಕ್ಷನ್’ ಎಂದು ಮೂರು ಪದ ಜೋಡಿಸಿ ಹೇಳುವುದನ್ನು ನಮ್ಮ ಅಜ್ಜಿ ಒಂದೇ ಪದದಲ್ಲಿ ಹೇಳಿಬಿಟ್ಟರು. ಆ ಪದವನ್ನು ಬರೆದುಕೊಳ್ಳುವ ಸರ್ಕಾರಿ ಪುಸ್ತಕ ಎಲ್ಲಿದೆ? ಅದು ಇದೆ ಸ್ವಾಮಿ. ಆದರೆ ಗಾಜಿಯಾಬಾದಿನಲ್ಲಿದೆ!

ಗಾಜಿಯಾಬಾದಿನ ಕಾವಲುಗಾರ

ಯಾವುದೇ ಹೊಸ ಔಷಧಿ ಮಾರುಕಟ್ಟೆಗೆ ಬರುವ ಮೊದಲು ಪ್ರಯೋಗ ನಡೆಯುತ್ತದೆ. ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜನರ ಮೇಲೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ಅಪಾಯ ಅಷ್ಟರಲ್ಲಿ ಕಾಣುವ ಖಾತ್ರಿಯಿಲ್ಲ. ಲಕ್ಷಾಂತರ ಜನ ನುಂಗಿದ ಮೇಲೆ ಕಾಣುತ್ತದೆ. ಹಾಗೆ ಕಾಣಬೇಕಾದರೆ ನುಂಗಿದವರು ಬಾಯಿ ಬಿಡಬೇಕು, ಅದನ್ನು ಯಾರಾದರೂ ಬರೆದುಕೊಳ್ಳಬೇಕು, ಎಲ್ಲವನ್ನೂ ಒಂದು ಕಡೆ ಕೂಡಿಸಿ ನೋಡಬೇಕು.

ಈ ಪಾಠವನ್ನು ಜಗತ್ತು ಕಲಿತದ್ದು ಎಳೆ ಮಕ್ಕಳನ್ನು ಕಳೆದುಕೊಂಡು. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂತು. ಗರ್ಭಿಣಿಯರ ವಾಕರಿಕೆಗೂ ಕೊಟ್ಟರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಮೇಲೆ ಎಚ್ಚೆತ್ತ ಬ್ರಿಟನ್ 1964ರಲ್ಲಿ ‘ಹಳದಿ ಕಾರ್ಡು’ ತಂದಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದೇಶಗಳ ವರದಿ ಕೂಡಿಸುವ ಕಾರ್ಯಕ್ರಮ ಶುರು ಮಾಡಿತು. ಅದರ ಕೇಂದ್ರ ಈಗ ಸ್ವೀಡನ್ನಿನ ಉಪ್ಸಲಾದಲ್ಲಿದೆ.

ನಮ್ಮ ದೇಶದಲ್ಲಿ? ಹಿಂದೆ ಒಂದೆರಡು ಪ್ರಯತ್ನ ನಡೆದು ಸೊರಗಿದವು. 2010ರ ಜುಲೈನಲ್ಲಿ ‘ಭಾರತ ಔಷಧ ಜಾಗೃತಿ ಕಾರ್ಯಕ್ರಮ’ ಶುರುವಾಯಿತು. ಇಂಗ್ಲಿಷಿನಲ್ಲಿ ಅದನ್ನು ಫಾರ್ಮಕೋವಿಜಿಲೆನ್ಸ್ ಎನ್ನುತ್ತಾರೆ. ನಾವು ಔಷಧದ ಕಾವಲು ಎನ್ನೋಣ. ಮೊದಲು ದೆಹಲಿಯ ಏಮ್ಸ್‌ನಲ್ಲಿದ್ದ ಅದರ ಕೇಂದ್ರ 2011ರ ಏಪ್ರಿಲ್‌ನಲ್ಲಿ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗಕ್ಕೆ ಹೋಯಿತು. ಅದರ ಕೈಕೆಳಗೆ ದೇಶದ ನೂರಾರು ಮೆಡಿಕಲ್ ಕಾಲೇಜುಗಳಲ್ಲಿ ವರದಿ ಕೇಂದ್ರಗಳಿವೆ. ನಮ್ಮ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲೂ ಇದೆ, ಮೈಸೂರಿನ ಜೆಎಸ್‌ಎಸ್‌ನಲ್ಲೂ ಇದೆ. ಪುಕ್ಕಟೆ ದೂರವಾಣಿ ಇದೆ: 1800-180-3024. ಡಾಕ್ಟರೇ ಹೇಳಬೇಕೆಂದಿಲ್ಲ, ರೋಗಿಯೇ ಹೇಳಬಹುದು. ಖಚಿತವಾಗಿರಬೇಕೆಂದೂ ಇಲ್ಲ. ಅನುಮಾನ ಇದ್ದರೆ ಸಾಕು.

ಇನ್ನೂ ಒಂದು ಮಾತು. ರೋಗಿಗಳೇ ತುಂಬುವ ಫಾರಂ ಹಿಂದಿ, ತಮಿಳು, ತೆಲುಗು, ಮಲಯಾಳಂ ಮುಂತಾದ ಭಾಷೆಗಳ ಜೊತೆ ಕನ್ನಡದಲ್ಲೂ ಇದೆ! ಹೌದು, ಇದೆ. ನಾವು ಸುಳ್ಳು ಹೇಳಿ ಚಳವಳಿ ಕಟ್ಟುವವರಲ್ಲ. ಇರುವುದನ್ನು ಇದೆ ಎಂದೇ ಹೇಳುತ್ತೇವೆ.

ಆದರೆ ಒಂದು ಪ್ರಶ್ನೆ. ಆ ಕನ್ನಡ ಫಾರಂ ನೀವು ನೋಡಿದ್ದೀರಾ? ನಿಮ್ಮ ಅಪ್ಪ ಅಮ್ಮ ನೋಡಿದ್ದಾರಾ? ಶೆಟ್ಟಿಹಳ್ಳಿ, ಮಲ್ಲಸಂದ್ರ, ಅಬ್ಬಿಗೆರೆಯ ಯಾವ ಮೆಡಿಕಲ್ ಸ್ಟೋರಿನ ಗೋಡೆಯ ಮೇಲೆ ಅದು ನೇತಾಡುತ್ತಿದೆ? ಆ ಪುಕ್ಕಟೆ ನಂಬರು ಯಾವ ಸ್ಟ್ರಿಪ್‌ನ ಮೇಲಿದೆ? ಕನ್ನಡದಲ್ಲಿ ಒಂದು ಫಾರಂ ಅಚ್ಚು ಹಾಕಿ ಕಂಪ್ಯೂಟರಿನೊಳಗೆ ಬಚ್ಚಿಟ್ಟು ‘ಕನ್ನಡಿಗರಿಗೂ ಕೊಟ್ಟಿದ್ದೇವೆ’ ಎಂದರೆ, ಅದು ಬಾವಿ ತೋಡಿ ಹಗ್ಗ ಕೊಡದ ಹಾಗೆ! ನೀರು ಇದೆ, ಬಾಯಿಗೆ ಬರುವುದಿಲ್ಲ.

2025ರಲ್ಲಿ ಕೇಂದ್ರದ ಔಷಧ ಮಹಾ ನಿಯಂತ್ರಕರು ರಾಜ್ಯಗಳಿಗೆ ಸೂಚನೆ ಕೊಟ್ಟರು. ಪ್ರತಿ ಔಷಧಿ ಅಂಗಡಿಯಲ್ಲೂ ಆ ನಂಬರು ಮತ್ತು ಕ್ಯೂಆರ್ ಕೋಡು ಎದ್ದು ಕಾಣುವಂತೆ ಹಾಕಿಸಬೇಕು ಎಂದು. ಒಳ್ಳೆಯದು, ಸ್ವಾಗತ. ಆದರೆ ಹಾಕಿಸುವ ಫಲಕ ಯಾವ ಭಾಷೆಯಲ್ಲಿರುತ್ತದೆ? ಇಂಗ್ಲಿಷಿನ ನಾಲ್ಕು ಸಾಲು, ಕೆಳಗೆ ಚೌಕದೊಳಗೆ ಚುಕ್ಕಿ ಚುಕ್ಕಿ ಚಿತ್ರ. ಶೆಟ್ಟಿಹಳ್ಳಿಯ ಅಜ್ಜಿ ಅದನ್ನು ನೋಡಿ ಏನೆಂದುಕೊಳ್ಳಬೇಕು? ಫೋನ್‌ಪೇಗೆ ದುಡ್ಡು ಹಾಕುವುದು ಎಂದುಕೊಳ್ಳುತ್ತಾರೆ!

ಪೀಣ್ಯದ ಪ್ರೆಸ್ ಮುಂದೆ ತೂಕಡಿಕೆ

‘ಅಜ್ಜಿಯ ಕೆಮ್ಮಿಗೆ ಇಷ್ಟು ರಂಪವೇ?’ ಎಂದು ಕೇಳುವವರಿದ್ದಾರೆ. ಕೇಳಿ.

ಪೀಣ್ಯದಲ್ಲಿ ಪವರ್ ಪ್ರೆಸ್ ಓಡಿಸುವ ಹುಡುಗನಿಗೆ ನೆಗಡಿಯಾಯಿತು ಎಂದುಕೊಳ್ಳಿ. ಅಂಗಡಿಯಲ್ಲಿ ಸೆಟ್ರಿಜಿನ್ ಮಾತ್ರೆ ಕೊಟ್ಟರು. ನೆಗಡಿಯ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುತ್ತವೆ. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ಹಳೆಯ ಕ್ಲೋರ್‌ಫೆನಿರಮೈನ್ ಇನ್ನೂ ಹೆಚ್ಚು. ನೈಟ್ ಶಿಫ್ಟಿನಲ್ಲಿ ಪ್ರೆಸ್ಸಿನ ಬಾಯಿಗೆ ಕೈಯೊಡ್ಡಿ ಕೂತವನಿಗೆ ಒಂದು ಕ್ಷಣದ ತೂಕಡಿಕೆ ಎಂದರೆ ಏನು? ಬೆರಳು! ‘ಇದನ್ನು ನುಂಗಿ ಯಂತ್ರ ಓಡಿಸಬೇಡಿ, ಗಾಡಿ ಓಡಿಸಬೇಡಿ’ ಎಂಬ ಆರು ಪದ ಕನ್ನಡದಲ್ಲಿ ಇದ್ದರೆ ಆ ಬೆರಳು ಉಳಿಯುತ್ತದೆ.

ಟಿಬಿ ರೋಗಿಗಳ ಮಾತು ಕೇಳಿ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಅಪಾಯವಿಲ್ಲ. ತಿಳಿಯದವರು ರಕ್ತವೆಂದು ಹೆದರಿ ಮಾತ್ರೆ ಬಿಡುತ್ತಾರೆ. ಬಿಟ್ಟರೆ ರೋಗ ಮದ್ದಿಗೆ ಬಗ್ಗದೆ ಬಲಿಯುತ್ತದೆ. ಅದೇ ರೋಗಕ್ಕೆ ಕೊಡುವ ಎಥಾಂಬ್ಯುಟಾಲ್‌ನಿಂದ ಕೆಲವರ ಕಣ್ಣಿನ ನೋಟ ಮಂಜಾಗುತ್ತದೆ. ಇದು ಅಪಾಯ, ತಕ್ಷಣ ಡಾಕ್ಟರಿಗೆ ಹೇಳಬೇಕು. ಐಸೋನಿಯಾಜಿಡ್‌ನಿಂದ ಕೆಲವರಿಗೆ ಕಾಮಾಲೆಯಾಗುತ್ತದೆ. ಯಾವುದಕ್ಕೆ ಹೆದರಬಾರದು, ಯಾವುದಕ್ಕೆ ಓಡಬೇಕು ಎಂಬುದು ತಿಳಿಯಬೇಕಲ್ಲವೇ? ಅದನ್ನು ತಿಳಿಸುವ ಭಾಷೆ ರೋಗಿಯ ಭಾಷೆಯಾಗಿರಬೇಕಲ್ಲವೇ?

ನಮ್ಮ ತಂಗಿಯರ ಮಾತು ಕೇಳಿ. ಮುಟ್ಟಿನ ಹೊಟ್ಟೆನೋವಿಗೆ ಹಾಸ್ಟೆಲಿನಿಂದ ಆಫೀಸಿನವರೆಗೆ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುವ ಮಾತ್ರೆ ಮೆಫೆನಮಿಕ್ ಆಸಿಡ್. ಮೆಫ್ಟಾಲ್ ಎಂದರೆ ಎಲ್ಲರಿಗೂ ಗೊತ್ತು. 2023ರ ನವೆಂಬರ್ 30ರಂದು ಅದೇ ಗಾಜಿಯಾಬಾದಿನ ಆಯೋಗ ಎಚ್ಚರಿಕೆ ಹೊರಡಿಸಿತು. ದೇಶದಿಂದ ಬಂದ ವರದಿಗಳನ್ನು ನೋಡಿದಾಗ ಈ ಔಷಧಿಗೂ ‘ಡ್ರೆಸ್’ ಎಂಬ ಅಲರ್ಜಿ ರೋಗಕ್ಕೂ ಸಂಬಂಧ ಕಂಡಿದೆ ಎಂದು. ಮೈಮೇಲೆ ಗುಳ್ಳೆ, ಜ್ವರ, ಗಂಟಲ ಗ್ರಂಥಿಗಳ ಊತ, ಯಕೃತ್ತು ಮೂತ್ರಪಿಂಡಗಳಿಗೂ ತಗಲುವ ರೋಗ. ಎಲ್ಲರಿಗೂ ಬರುವುದಿಲ್ಲ, ಅಪರೂಪ. ಆದರೆ ಬಂದವರಿಗೆ ಗಂಭೀರ. ಬರುವುದು ಮಾತ್ರೆ ನುಂಗಿದ ಎಷ್ಟೋ ದಿನಗಳಾದ ಮೇಲೆ. ಹಾಗಾಗಿ ಮಾತ್ರೆಯ ಮೇಲೆ ಅನುಮಾನವೇ ಹೋಗುವುದಿಲ್ಲ.

ಇದು ಔಷಧ ಕಾವಲಿನ ಗೆಲುವು. ಯಾರೋ ವರದಿ ಮಾಡಿದ್ದರು, ಅದಕ್ಕೇ ಎಚ್ಚರಿಕೆ ಬಂತು. ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ನಿಮ್ಮ ಬೀದಿಯ ಅಂಗಡಿಯ ಬಾಗಿಲಿಗೆ ಅಂಟಿಸಿದ್ದನ್ನು ಯಾರಾದರೂ ನೋಡಿದಿರಾ? ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ? ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ? ಎಚ್ಚರಿಕೆ ಇಂಗ್ಲಿಷಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಓಡಾಡಿ, ಇಂಗ್ಲಿಷಿನಲ್ಲೇ ತಣ್ಣಗಾಯಿತು.

ಬಳ್ಳಾರಿಯನ್ನು ಮರೆಯಬೇಡಿ

ಈಗ ಬಳ್ಳಾರಿಗೆ ಬನ್ನಿ. 2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಹಲವು ಬಾಣಂತಿಯರು ಹೆರಿಗೆಯ ನಂತರ ಹದಗೆಟ್ಟರು. ಮೂತ್ರಪಿಂಡ ಕೈಕೊಟ್ಟಿತು, ಒಂದೊಂದೇ ಅಂಗ ಸೋತಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸತ್ತ ಬಾಣಂತಿಯರ ಸಂಖ್ಯೆ ಐದಕ್ಕೆ ಮುಟ್ಟಿತು. ಅನುಮಾನ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಅದು ಪಶ್ಚಿಮ ಬಂಗಾಳದ ಕಂಪನಿಯೊಂದರ ಮಾಲು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ಇದನ್ನು ಮಾಮೂಲಿ ಅಡ್ಡಪರಿಣಾಮ ಎನ್ನಲಾಗದು. ಇಲ್ಲಿ ಎದ್ದದ್ದು ಔಷಧಿಯ ಗುಣಮಟ್ಟದ ಪ್ರಶ್ನೆ. ಆದರೆ ಎರಡನ್ನೂ ಹಿಡಿಯುವ ಬಲೆ ಒಂದೇ. ‘ಈ ಔಷಧಿ ಹಾಕಿದ ಮೇಲೆ ಹೀಗಾಯಿತು’ ಎಂಬ ಮೊದಲ ಕೂಗನ್ನು ಕೇಳಿಸಿಕೊಳ್ಳುವ ಕಿವಿ.

ಇದರ ಹಿಂದಿನ ಕಥೆ ಗೊತ್ತೇ? ಆ ಕಂಪನಿಯ ದ್ರಾವಣ ಸರಿಯಿಲ್ಲ ಎಂದು ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ತಕರಾರು ತೆಗೆದಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದು ವರದಿ ಕೊಟ್ಟಿತು. ಕೇಂದ್ರದ ಮಾತೇ ನಡೆಯಿತು, ದ್ರಾವಣ ಮತ್ತೆ ಆಸ್ಪತ್ರೆಗೆ ಬಂತು. ಅಲ್ಲಿಗೆ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದ ಮೆಡಿಕಲ್ ಕಾಲೇಜಿನಲ್ಲೂ ಬಾಣಂತಿಯೊಬ್ಬರು ಸತ್ತರು. ಅಲ್ಲೂ ಅದೇ ಕಂಪನಿಯ ದ್ರಾವಣದ ಮೇಲೆ ಅನುಮಾನ! ಬಳ್ಳಾರಿಯ ಕೂಗು ಕೋಲ್ಕತ್ತಾಗೆ ಸಮಯಕ್ಕೆ ಕೇಳಿಸಿದ್ದರೆ? ಕರ್ನಾಟಕದ ಪ್ರಯೋಗಾಲಯದ ಮಾತಿಗೆ ಬೆಲೆ ಇದ್ದಿದ್ದರೆ? ಕನ್ನಡ ಮಾತಾಡುವ ತಾಯಿಗೂ ಬಂಗಾಳಿ ಮಾತಾಡುವ ತಾಯಿಗೂ ಇಲ್ಲಿ ವ್ಯತ್ಯಾಸವಿಲ್ಲ. ಇಬ್ಬರ ಕೂಗೂ ಮೇಲಿನವರಿಗೆ ಕೇಳಿಸಲಿಲ್ಲ.

‘ಇಂಗ್ಲಿಷಿನಲ್ಲಿ ಇರಬೇಕು’ ಎಂದು ಬರೆದಿಟ್ಟ ಕಾನೂನು

ಔಷಧ ಕಾನೂನು 1940ರದು. ಅದರ ನಿಯಮಗಳು 1945ರವು. ಬ್ರಿಟಿಷರು ಇದ್ದಾಗ ಬರೆದದ್ದು. ಆಮೇಲೆ ಎಷ್ಟೋ ತಿದ್ದುಪಡಿಯಾಗಿವೆ. ಆದರೆ ಮಾತ್ರೆಯ ಲೇಬಲ್ ರಾಜ್ಯದ ಭಾಷೆಯಲ್ಲಿ ಇರಲೇಬೇಕು ಎಂಬ ಸಾಮಾನ್ಯ ನಿಯಮ ಇವತ್ತಿಗೂ ಬಂದಿಲ್ಲ. ಅಷ್ಟೇ ಅಲ್ಲ, ಆಮದು ಔಷಧಿಗಳ ನೋಂದಣಿಗೆ ಸಂಬಂಧಿಸಿದ ಷೆಡ್ಯೂಲಿನಲ್ಲಿ, ಪೊಟ್ಟಣದೊಳಗಿನ ವಿವರಣೆಯ ಚೀಟಿ ಇಂಗ್ಲಿಷಿನಲ್ಲಿ ಇರಬೇಕು ಎಂದೇ ಬರೆದಿದೆ! ಅಡ್ಡಪರಿಣಾಮಗಳ ವಿವರ ಇರುವುದು ಆ ಚೀಟಿಯಲ್ಲೇ.

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡು ಕಡ್ಡಾಯ ಮಾಡಿದರು. ನಕಲಿ ಔಷಧಿ ಹಿಡಿಯಲು. 300 ಬ್ರಾಂಡುಗಳ ಪ್ಯಾಕೆಟ್ಟಿನ ಅಚ್ಚನ್ನೇ ಬದಲಿಸಲು ಸಾಧ್ಯವಾಯಿತು. ಕನ್ನಡದ ಎರಡು ಸಾಲು ಸೇರಿಸಲು ಜಾಗ ಇಲ್ಲವೇ?

‘ಪ್ರತಿ ಭಾಷೆಯಲ್ಲೂ ಅಚ್ಚು ಹಾಕುವುದು ಆಗದ ಮಾತು’ ಎನ್ನುತ್ತಾರೆ ಕಂಪನಿಯವರು. ಆಗದ ಮಾತೇ? ಯುರೋಪಿನ ಎಸ್ಟೋನಿಯಾ ನೋಡಿ. ಇಡೀ ದೇಶದ ಜನಸಂಖ್ಯೆ ಸುಮಾರು 14 ಲಕ್ಷ. ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು. ಅಲ್ಲಿ ಔಷಧಿ ಮಾರಬೇಕಾದರೆ ರೋಗಿಗೆ ಕೊಡುವ ಚೀಟಿ ಎಸ್ಟೋನಿಯನ್ ಭಾಷೆಯಲ್ಲಿ ಇರಬೇಕು. ಬೆಲ್ಜಿಯಂನಲ್ಲಿ ಡಚ್, ಫ್ರೆಂಚ್, ಜರ್ಮನ್ ಮೂರೂ ಭಾಷೆಯಲ್ಲಿ ಇರಬೇಕು. ಇದು ಯುರೋಪ್ ಒಕ್ಕೂಟದ 2001ರ ಕಾನೂನು. 2013ರಿಂದ ಅದೇ ಚೀಟಿಯಲ್ಲಿ, ಅಡ್ಡಪರಿಣಾಮ ಕಂಡರೆ ಎಲ್ಲಿಗೆ ತಿಳಿಸಬೇಕು ಎಂದೂ ಬರೆಯುತ್ತಾರೆ. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ! 14 ಲಕ್ಷ ಜನರ ದೇಶಕ್ಕೆ ಸಿಗುವ ಮರ್ಯಾದೆ 4 ಕೋಟಿ 37 ಲಕ್ಷ ಕನ್ನಡಿಗರಿಗೆ ಯಾಕಿಲ್ಲ? ನಮ್ಮ ಔಷಧಿ ಕಂಪನಿಗಳೇ ಯುರೋಪಿಗೂ ಮಾತ್ರೆ ಕಳಿಸುತ್ತವೆ. ಅಲ್ಲಿಗೆ ಕಳಿಸುವಾಗ ಅಲ್ಲಿನ ಭಾಷೆ ಬರುತ್ತದೆ. ಇಲ್ಲಿಗೆ ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ!

‘ಕನ್ನಡದಲ್ಲಿ ವೈದ್ಯಕೀಯ ಪದಗಳೇ ಇಲ್ಲ’ ಎಂಬ ಇನ್ನೊಂದು ರಾಗ. ಇಂಥವರು ಅನುಪಮಾ ನಿರಂಜನ ಅವರನ್ನು ಓದಿಲ್ಲ. ತಾಯಿ ಮಗುವಿನ ಆರೋಗ್ಯದ ಬಗ್ಗೆ ಆ ವೈದ್ಯೆ ಬರೆದ ಪುಸ್ತಕ ಕನ್ನಡದ ಮನೆಮನೆ ಸೇರಿತು. ‘ಕೊರವಂಜಿ’ ನಡೆಸಿದ ರಾಶಿಯವರು ಡಾಕ್ಟರೇ. ಮನಸ್ಸಿನ ರೋಗಗಳ ಬಗ್ಗೆ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದ ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದವರು. ಪದ ಇದೆ, ಬರೆದು ತೋರಿಸಿದ ವೈದ್ಯರೂ ಇದ್ದಾರೆ. ಇಲ್ಲದಿರುವುದು ಮನಸ್ಸು.

ವಿಧಾನಸೌಧಕ್ಕೂ ಒಂದು ಪ್ರಶ್ನೆ

ದೆಹಲಿಯನ್ನು ಬೈದು ಸುಮ್ಮನಾಗುವುದು ಸುಲಭ. ಲೇಬಲ್ಲಿನ ನಿಯಮ ಕೇಂದ್ರದ ಕೈಯಲ್ಲಿದೆ, ನಿಜ. ಆದರೆ ನಮ್ಮ ಕೈಯಲ್ಲೇ ಇರುವುದನ್ನು ನಾವು ಮಾಡಿದ್ದೇವೆಯೇ?

ಔಷಧಿ ಅಂಗಡಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಇಲಾಖೆ. ತಪಾಸಣೆ ಮಾಡುವ ಇನ್ಸ್‌ಪೆಕ್ಟರು ರಾಜ್ಯದವರು. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರಿನ ಷರತ್ತು ಬರೆಯುವವರು ನಾವೇ. ‘ಎಚ್ಚರಿಕೆಯ ಸಾಲು ಕನ್ನಡದಲ್ಲೂ ಇರಬೇಕು’ ಎಂದು ಒಂದು ಷರತ್ತು ಸೇರಿಸಲು ಯಾವ ದೆಹಲಿಯ ಅಪ್ಪಣೆ ಬೇಕು?

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ರಾಜ್ಯದಲ್ಲಿ ತಯಾರಾಗುವ ಉತ್ಪನ್ನಗಳ ಮೇಲೆ ಹೆಸರು ಮತ್ತು ಬಳಸುವ ಕ್ರಮ ಕನ್ನಡದಲ್ಲೂ ಇರಬೇಕು ಎಂದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಬಲದ ಮೇಲೆ ಬಂದ ಆದೇಶ. ಸೋಪಿಗೂ ಉಪ್ಪಿನಕಾಯಿಗೂ ಅದು ಬೇಕು ಎನ್ನುವುದಾದರೆ, ಮಾತ್ರೆಗೆ ಅದಕ್ಕಿಂತ ಮೊದಲು ಬೇಡವೇ? ಉಪ್ಪಿನಕಾಯಿ ಬಾಟಲಿಯ ಮೇಲಿನ ಅಕ್ಷರ ಓದಲಾಗದೆ ಯಾರೂ ಆಸ್ಪತ್ರೆ ಸೇರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದರು. ಕೆಲವು ವೈದ್ಯರು ಉತ್ಸಾಹದಿಂದ ಬರೆದು ತೋರಿಸಿದರು. ಅವರಿಗೆ ನಮ್ಮ ನಮಸ್ಕಾರ. ಆದರೆ ನೇರವಾಗಿ ಹೇಳುತ್ತೇವೆ: ಮಾತ್ರೆಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅಜ್ಜಿಯ ಕೆಮ್ಮು ಹೋಗುವುದಿಲ್ಲ. ಹೆಸರಿಗಿಂತ ಮುಖ್ಯ, ‘ಇದರಿಂದ ಕೆಮ್ಮು ಬರಬಹುದು, ಬಂದರೆ ನನಗೆ ಹೇಳಿ’ ಎಂಬ ಒಂದು ಸಾಲು.

ಇನ್ನು ನಮ್ಮದೇ ತಪ್ಪು. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ನಾವು ನೂರು ಜನ ಸೇರುತ್ತೇವೆ. ಅದೇ ಬೋರ್ಡಿನ ಕೆಳಗೆ ನಿಂತು ಇಂಗ್ಲಿಷ್ ಮಾತ್ರೆ ಕೊಂಡು, ಓದದೆ ನುಂಗಿ ಮನೆಗೆ ಹೋಗುತ್ತೇವೆ. 1982ರ ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಶಾಲೆಯ ಭಾಷೆಗಾಗಿ ಬೀದಿಗಿಳಿದರು. ಆಸ್ಪತ್ರೆಯ ಭಾಷೆಗಾಗಿ ಇಳಿಯುವ ಕೆಲಸ ನಮ್ಮ ತಲೆಮಾರಿನದು.

ನಮ್ಮ ಬೇಡಿಕೆ

1. ರಾಜ್ಯದ ಪ್ರತಿ ಔಷಧಿ ಅಂಗಡಿಯಲ್ಲಿ, ‘ಮಾತ್ರೆ ಒಗ್ಗಲಿಲ್ಲವೇ? ಇಲ್ಲಿ ತಿಳಿಸಿ’ ಎಂಬ ಫಲಕ ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು. 1800-180-3024 ನಂಬರು ಅದರಲ್ಲಿರಬೇಕು. ಕನ್ನಡ ಫಾರಂ ಕೌಂಟರಿನಲ್ಲೇ ಸಿಗಬೇಕು.

2. ಆ ನಂಬರಿಗೆ ಕರೆ ಮಾಡಿದ ಕನ್ನಡಿಗನಿಗೆ ಕನ್ನಡದಲ್ಲೇ ಉತ್ತರ ಸಿಗಬೇಕು. ಬೆಂಗಳೂರಿನಲ್ಲೇ ಕೂತು ಕೇಳಿಸಿಕೊಳ್ಳುವ ಕನ್ನಡದ ವ್ಯವಸ್ಥೆ ಇರಬೇಕು.

3. ಸರ್ಕಾರಿ ಆಸ್ಪತ್ರೆ, ನಮ್ಮ ಕ್ಲಿನಿಕ್‌ಗಳಲ್ಲಿ ಕೊಡುವ ಮಾತ್ರೆಯ ಜೊತೆ ಎಚ್ಚರಿಕೆಯ ಕನ್ನಡ ಚೀಟಿ ಕಡ್ಡಾಯವಾಗಬೇಕು. ಸರಬರಾಜು ನಿಗಮದ ಟೆಂಡರಿನಲ್ಲಿ ಈ ಷರತ್ತು ಸೇರಬೇಕು.

4. ಗಾಜಿಯಾಬಾದಿನಿಂದ ಬರುವ ಪ್ರತಿ ಎಚ್ಚರಿಕೆಯನ್ನೂ ರಾಜ್ಯದ ಔಷಧ ಇಲಾಖೆ ಒಂದು ವಾರದೊಳಗೆ ಕನ್ನಡದಲ್ಲಿ ಹೊರಡಿಸಬೇಕು.

5. ಕರ್ನಾಟಕದಿಂದ ವರ್ಷಕ್ಕೆ ಎಷ್ಟು ವರದಿ ಹೋದವು, ಅದರಲ್ಲಿ ರೋಗಿಗಳೇ ಕೊಟ್ಟದ್ದು ಎಷ್ಟು, ಕನ್ನಡದಲ್ಲಿ ಬಂದದ್ದು ಎಷ್ಟು ಎಂಬ ಲೆಕ್ಕವನ್ನು ಸರ್ಕಾರ ವಿಧಾನಮಂಡಲದ ಮುಂದೆ ಇಡಬೇಕು.

6. ಲೇಬಲ್ಲಿನ ಎಚ್ಚರಿಕೆ ಆಯಾ ರಾಜ್ಯದ ಭಾಷೆಯಲ್ಲೂ ಇರುವಂತೆ ಕೇಂದ್ರ ನಿಯಮ ತಿದ್ದಬೇಕು. ನಮ್ಮ ಸಂಸದರು ಬಾಯಿ ಬಿಡಬೇಕು. ಬಾಯಿ ಬಿಡದವರ ಹೆಸರನ್ನು ಚುನಾವಣೆಯಲ್ಲಿ ನಾವು ಮರೆಯುವುದಿಲ್ಲ!

ಇವತ್ತೇ ಮಾಡುವ ಕೆಲಸ

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಡಿ. ನೀವು ಓದಿದವರು, ಕೈಯಲ್ಲಿ ಫೋನು ಇದೆ. ಆ ಕನ್ನಡ ಫಾರಂ ಇಳಿಸಿಕೊಂಡು ನಿಮ್ಮ ಬೀದಿಗೆ ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ. ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಯಾವ ಮಾತ್ರೆ, ಯಾವತ್ತು ಶುರು ಮಾಡಿದಿರಿ, ಏನಾಯಿತು, ಯಾವತ್ತು ಆಯಿತು. ಸ್ಟ್ರಿಪ್ಪಿನ ಬ್ಯಾಚ್ ನಂಬರು ಬರೆದುಕೊಳ್ಳಿ. ಖಾಲಿಯಾಗುವವರೆಗೆ ಸ್ಟ್ರಿಪ್ ಎಸೆಯಬೇಡಿ, ನಂಬರಿರುವ ತುದಿಯನ್ನು ಕೊನೆಗೆ ಕತ್ತರಿಸಿ. ರೋಗಿಯ ಪೂರ್ತಿ ಹೆಸರು ಬೇಕಿಲ್ಲ, ಮೊದಲಕ್ಷರ ಸಾಕು. ವಿವರ ಗುಟ್ಟಾಗಿರುತ್ತದೆ. ತುಂಬಿ ಹತ್ತಿರದ ಕೇಂದ್ರಕ್ಕೆ ಕಳಿಸಿ. ಕನ್ನಡದಲ್ಲೇ ತುಂಬಿ!

ಒಂದು ಎಚ್ಚರಿಕೆ. ಈ ಲೇಖನ ಓದಿ ಯಾರೂ ಮಾತ್ರೆ ಬಿಡಬೇಡಿ. ಬಿಪಿ, ಶುಗರ್, ಫಿಟ್ಸ್, ಟಿಬಿ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಅಡ್ಡಪರಿಣಾಮಕ್ಕಿಂತ ದೊಡ್ಡ ಅಪಾಯ. ಡಾಕ್ಟರ ಹತ್ತಿರ ಹೋಗಿ, ಕನ್ನಡದಲ್ಲಿ ಹೇಳಿ, ಬದಲಿಸಿಕೊಳ್ಳಿ. ಔಷಧಿ ಅಂಗಡಿಯ ಹುಡುಗನ ಮೇಲೂ ರೇಗಬೇಡಿ. ಅವನೂ ನಮ್ಮವನೇ, ಅವನಿಗೂ ಯಾರೂ ಕನ್ನಡದಲ್ಲಿ ಹೇಳಿಕೊಟ್ಟಿಲ್ಲ.

ಶೆಟ್ಟಿಹಳ್ಳಿಯ ಅಜ್ಜಿಯ ಫಾರಂ ನಾವು ತುಂಬಿದೆವು. ‘ಏನಾಯಿತು’ ಎಂಬ ಕಡೆ ಅಜ್ಜಿ ಹೇಳಿದ ಹಾಗೆಯೇ ಬರೆದೆವು: ಮಾತ್ರೆ ಒಗ್ಗಲಿಲ್ಲ, ರಾತ್ರಿಯೆಲ್ಲ ಕೆಮ್ಮು, ನಿದ್ದೆಯಿಲ್ಲ. “ಇದನ್ನ ಓದೋರು ಯಾರಪ್ಪ ಅಲ್ಲಿ?” ಎಂದು ಅಜ್ಜಿ ಕೇಳಿದರು. ಉತ್ತರ ಹೇಳಲಿಲ್ಲ. ಒಬ್ಬ ಅಜ್ಜಿಯ ಫಾರಂ ಹೋದರೆ ಮೂಲೆಗೆ ಬೀಳಬಹುದು. ಶೆಟ್ಟಿಹಳ್ಳಿಯಿಂದ ಸಾವಿರ, ಬೆಂಗಳೂರಿನಿಂದ ಲಕ್ಷ ಹೋದರೆ ಓದಲು ಕನ್ನಡ ಬಲ್ಲವರನ್ನು ಅವರು ನೇಮಿಸಲೇಬೇಕು!

ಕನ್ನಡಿಗರೇ, ಬರೆಯಿರಿ. ಬರೆದು ಕಳಿಸಿ. ಗಾಜಿಯಾಬಾದಿಗೆ ಕನ್ನಡ ಕಲಿಸೋಣ.

ಜೈ ಕರ್ನಾಟಕ!